ಬ್ರೆಡ್ ವ್ಯಾನಿನ ಹಳೆಯ ದಾರಿ

ಸ್ವಿನ್ಫರ್ಡ್, ಮೇಯೊ
ಗುರುವಾರ, ೨೩ ಅಕ್ಟೋಬರ್ ೨೦೧೪

ಪ್ರೀತಿಯ ಅಟ್ರಾಕ್ಟಕ್ಕಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಆಗಸ್ಟಿನಲ್ಲಿ ನೀನು ಕವೆಂಟ್ರಿಯಿಂದ ಬರೆದ ಕಾಗದವನ್ನು ರೇಡಿಯೋದ ಹಿಂದೆ ಸಿಕ್ಕಿಸಿಟ್ಟಿದ್ದೇನೆ. ವಾರ್ತೆ ಕೇಳಲು ಹೋದಾಗಲೆಲ್ಲ ಅದು ನನ್ನನ್ನು ನೋಡುತ್ತದೆ, ನಾನು ಮುಖ ತಿರುಗಿಸುತ್ತೇನೆ. ಎರಡು ತಿಂಗಳು ತಡ ಮಾಡಿದ್ದಕ್ಕೆ ಬೈಯಬೇಡ. ಭಾನುವಾರ ನೀನು ಫೋನು ಮಾಡಿದಾಗ ‘ಮಳೆ ಇತ್ತು, ಪ್ರವಾಸ ಚೆನ್ನಾಗಿತ್ತು’ ಎಂದಷ್ಟೇ ಹೇಳಿ ಇಟ್ಟುಬಿಟ್ಟೆನಲ್ಲ, ಅದಕ್ಕೂ ಬೈಯಬೇಡ. ಫೋನಿನಲ್ಲಿ ಹೇಳುವಂಥದ್ದಾಗಿರಲಿಲ್ಲ. ಇವತ್ತು ಜಾರ್ಲತ್ ಕ್ಷೌರಕ್ಕೆ ಹೋಗಿದ್ದಾನೆ. ಅಲ್ಲಿ ಅವನ ಮುಂದೆ ನಾಲ್ಕು ಜನವಾದರೂ ಇರುತ್ತಾರೆ. ಆದ್ದರಿಂದ ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ.

ಮೊದಲು ಕೆಟ್ಟ ಸುದ್ದಿ ಹೇಳಿಬಿಡುತ್ತೇನೆ. ಜಾರ್ಲತನ ಕಣ್ಣು ಹೋಗುತ್ತಿದೆ. ಪೂರ್ತಿ ಕತ್ತಲಾಗುವುದಿಲ್ಲವಂತೆ, ಆದರೆ ನಡುಭಾಗ ಮಸುಕಾಗುತ್ತಾ ಹೋಗುತ್ತದಂತೆ. ‘ಈ ತಿಂಗಳ ಕೊನೆಯತನಕ ಕಾರು ಓಡಿಸಿ, ಅದೂ ಹಗಲಲ್ಲಿ ಮಾತ್ರ. ಆಮೇಲೆ ಲೈಸೆನ್ಸ್ ವಾಪಸ್ ಕೊಟ್ಟುಬಿಡಿ’ ಎಂದರು ಡಾಕ್ಟರು. ಮೂವತ್ತು ವರ್ಷ ಬ್ರೆಡ್ಡಿನ ವ್ಯಾನು ಓಡಿಸಿದವನಿಗೆ ಆ ಮಾತು ಹೇಗಾಗಿರಬೇಡ! ಮನೆಗೆ ಬಂದು ಎರಡು ದಿನ ಆಲೂಗಡ್ಡೆ ಅಗೆದ. ಮೂರನೆಯ ದಿನ ಚಹಾ ಕುಡಿಯುತ್ತಾ, ‘ಡಿಂಪ್ನಾ, ನನ್ನ ಹಳೇ ದಾರೀಲಿ ಒಂದ್ಸಲ ಹೋಗಿಬರೋಣ್ವಾ?’ ಎಂದ.

ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ಆ ದಾರಿಗೆ ನನ್ನನ್ನು ಒಮ್ಮೆಯೂ ಕರೆದವನಲ್ಲ. ಬೆಳಗಿನ ನಾಲ್ಕೂವರೆಗೆ ಹೊರಟರೆ ಸಂಜೆ ಬರುತ್ತಿದ್ದ, ಬೂಟು ಬಿಚ್ಚುತ್ತಿದ್ದ, ಊಟ ಮಾಡುತ್ತಿದ್ದ. ‘ಹೇಗಿತ್ತು?’ ಎಂದರೆ ‘ಒದ್ದೆ’ ಎನ್ನುತ್ತಿದ್ದ. ನನ್ನ ಗಂಡ ದಿನಕ್ಕೆ ಐದು ಮಾತಾಡುವ ಮನುಷ್ಯ ಎಂದು ನೀನೇ ತಮಾಷೆ ಮಾಡುತ್ತಿದ್ದೆಯಲ್ಲ.

ಹೋದ ಗುರುವಾರ ಹೊರಟೆವು. ಮಳೆ ಎಂದರೆ ಮಳೆ. ಬ್ಯಾಂಗರ್ ದಾಟುವ ಹೊತ್ತಿಗೆ ಬೆಟ್ಟ ಯಾವುದು, ಮೋಡ ಯಾವುದು ಎಂದು ತಿಳಿಯದ ಹಾಗಾಗಿತ್ತು. ಅವನು ಮಾತ್ರ ಪ್ರತಿ ತಿರುವನ್ನೂ ಹೆಸರು ಹಿಡಿದು ಕರೆಯುತ್ತಿದ್ದ. ‘ಇಲ್ಲಿ ಒಂದು ಬಾತುಕೋಳಿ ಅಡ್ಡ ಬರ್ತಿತ್ತು. ಇಲ್ಲಿ ಒಬ್ಬ ಪಾದ್ರಿ ಸೈಕಲ್ ಸಮೇತ ಚರಂಡಿಗೆ ಬಿದ್ದಿದ್ರು, ನಾನೇ ಎತ್ತಿದ್ದು.’ ಬೆಲ್‌ಮುಲೆಟ್ಟಿನಲ್ಲಿ ಉಳಿದುಕೊಂಡೆವು. ಊಟದ ಮನೆಯಲ್ಲಿ ಒಬ್ಬ ಮುದುಕ, ಗೌಹನ್ ಅಂತ, ಎದ್ದು ನಿಂತು ‘ಅಯ್ಯೋ, ಬ್ರೆಡ್ ಜಾರ್ಲತ್! ನೀನಿನ್ನೂ ಬದುಕಿದ್ದೀಯೇನೋ!’ ಎಂದು ಕೂಗಿದ. ಅಲ್ಲಿಂದ ಶುರುವಾಯಿತು ನೋಡು. ನನ್ನ ಐದು ಮಾತಿನ ಗಂಡ ಒಂದು ಗಂಟೆ ನಿಲ್ಲಿಸದೆ ಮಾತಾಡಿದ. ಪಾದ್ರಿಯ ಕಥೆಯನ್ನು ಪಾದ್ರಿಯ ದನಿಯಲ್ಲೇ ಹೇಳಿದ. ಪಕ್ಕದ ಮೇಜಿನವರೂ ಮೀನು ಬಿಟ್ಟು ನಕ್ಕರು. ನಾನೂ ನಕ್ಕೆ. ಆದರೆ ಒಳಗೆ ಏನೋ ಚುಚ್ಚಿತು. ಮೂವತ್ತು ವರ್ಷ ಈ ಮಾತೆಲ್ಲ ಇಲ್ಲಿ ಖರ್ಚಾಗಿ, ನನ್ನ ಪಾಲಿಗೆ ‘ಒದ್ದೆ’ ಒಂದೇ ಉಳಿಯುತ್ತಿತ್ತಲ್ಲ ಎಂದು.

ಶುಕ್ರವಾರ ದಕ್ಷಿಣಕ್ಕೆ ಬಂದೆವು. ಬ್ಯಾಲಿಕ್ರಾಯ್‌ನಲ್ಲಿ ಪೆಟ್ರೋಲ್ ಪಂಪಿನ ಪಕ್ಕದ ಅಂಗಡಿ ಕಂಡಾಗ ಅವನು ನಿಲ್ಲಿಸದೆ ಮುಂದೆ ಹೋದ. ‘ಇದೂ ನೀನು ಬ್ರೆಡ್ ಹಾಕ್ತಿದ್ದ ಅಂಗಡಿ ಅಲ್ವಾ?’ ಎಂದೆ. ‘ಹೌದು. ಆದ್ರೆ ಮಿಸೆಸ್ ಕ್ಯಾಫರ್ಕಿ ತೀರಿಕೊಂಡಿರಬೇಕು, ಬಿಡು’ ಎಂದ. ನನಗೆ ತಡೆಯಲಾರದಷ್ಟು ಮೂತ್ರದ ಅವಸರ. ‘ತೀರಿಕೊಂಡಿದ್ರೂ ಶೌಚಾಲಯ ಇರುತ್ತಲ್ಲ, ತಿರುಗಿಸು’ ಎಂದೆ. ತಿರುಗಿಸಿದ. ಅವನ ಕಿವಿ ಕೆಂಪಾಗಿದ್ದನ್ನು ನೋಡಿದೆ. ಕಣ್ಣಿನ ಚಿಂತೆ ಇರಬೇಕು ಅಂದುಕೊಂಡೆ.

ಮಿಸೆಸ್ ಕ್ಯಾಫರ್ಕಿ ಬದುಕಿದ್ದಳು. ಎಂಬತ್ತು ದಾಟಿದೆ, ಬೆನ್ನು ಬಾಗಿದೆ, ಕಣ್ಣು ಮಾತ್ರ ಚುರುಕು. ಗಲ್ಲಾದ ಹಿಂದಿನಿಂದ ಈಚೆ ಬಂದು ಅವನ ಎರಡೂ ಕೆನ್ನೆ ಹಿಡಿದುಕೊಂಡಳು. ‘ಐದು ವರ್ಷ! ಒಂದು ಕ್ರಿಸ್ಮಸ್ ಕಾರ್ಡ್ ಇಲ್ಲ, ಕಳ್ಳ! ಇವರೇನಾ ಡಿಂಪ್ನಾ? ಬನ್ನಿ, ಬನ್ನಿ, ಕೋಟು ತೆಗೀರಿ. ಈ ಮನುಷ್ಯ ನಿಮ್ಮನ್ನ ಬಚ್ಚಿಟ್ಟುಕೊಂಡಿದ್ದ.’ ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಚಹಾ ಸುರಿದಿದ್ದಳು. ಕೂತೆ. ಆಗ ಕೇಳಿದಳು:

‘ಎಥ್ನಾ ಹೇಗಿದ್ದಾಳೆ? ಗಾಲ್ವೇನಲ್ಲೇ ಇದ್ದಾಳಾ? ಮಗು ಈಗ ಶಾಲೆಗೆ ಹೋಗುತ್ತಾ?’

ಅಕ್ಕಾ, ನಿಜ ಹೇಳುತ್ತೇನೆ, ನನಗೆ ಮೊದಲು ಹೊಳೆದದ್ದು ಇವನಿಗೆ ಇನ್ನೊಂದು ಸಂಸಾರ ಇದೆ ಎಂದು. ಇನ್ನೊಬ್ಬಳು ಹೆಂಗಸು, ಅವಳಿಗೊಬ್ಬಳು ಮಗಳು, ಆ ಮಗಳಿಗೊಂದು ಮಗು. ಬಟ್ಟಲು ಕೈಯಲ್ಲೇ ನಿಂತಿತು. ಅಷ್ಟರಲ್ಲಿ ಮುದುಕಿ ನನ್ನ ಮೊಣಕೈ ತಟ್ಟಿ, ‘ನೀವು ಎಷ್ಟು ಕಷ್ಟಪಟ್ಟಿರಿ ಅಂತ ಇವನು ಹೇಳಿದ್ದ. ಎಂಬತ್ನಾಲ್ಕರ ಏಪ್ರಿಲ್ ಅಲ್ವಾ? ಆ ಸೋಮವಾರ ಇಲ್ಲೇ, ಈ ಬಾಗಿಲಲ್ಲಿ ನಿಂತು ಹೆಣ್ಣು ಅಂದ. ನಾನು ಹಳದಿ ಉಣ್ಣೆ ಅಂಗಿ ಹೆಣೆದು ಕೊಟ್ಟಿದ್ದೆ. ಸರಿಯಾಯ್ತಾ ಅದು?’ ಎಂದಳು.

ಎಂಬತ್ನಾಲ್ಕರ ಏಪ್ರಿಲ್. ನಮ್ಮ ಮಗು ಉಸಿರೆಳೆಯದೆ ಹುಟ್ಟಿದ ತಿಂಗಳು. ಹೆಣ್ಣಾದರೆ ಎಥ್ನಾ ಎಂದಿಡೋಣ ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಆಮೇಲೆ ಆ ಹೆಸರು ನಮ್ಮ ಮನೆಯಲ್ಲಿ ಒಂದು ಸಲವೂ ಕೇಳಿಲ್ಲ. ಆಸ್ಪತ್ರೆಯವರು ಪೆಟ್ಟಿಗೆ ತಗೊಂಡು ಹೋದರು, ಗೋಡೆಯ ಪಕ್ಕ ಎಲ್ಲೋ ಹೂತರು. ‘ಮರೆತುಬಿಡಿ, ಇನ್ನೊಂದಾಗುತ್ತೆ’ ಎಂದರು. ಆಗಲಿಲ್ಲ.

ನಾನು ಜಾರ್ಲತನ ಕಡೆ ನೋಡಿದೆ. ಅವನು ಬ್ರೆಡ್ಡಿನ ಕಪಾಟನ್ನು ನೋಡುತ್ತಿದ್ದ.

‘ಸರಿಯಾಯ್ತು,’ ಎಂದೆ. ‘ತುಂಬ ದಿನ ಹಾಕಿಕೊಂಡಳು.’

ಹೇಗೆ ಹೇಳಿದೆನೋ ತಿಳಿಯದು. ಮುದುಕಿ ಹಿಗ್ಗಿಹೋದಳು. ಹೊರಡುವಾಗ ಹ್ಯಾಲೋವೀನಿಗೆಂದು ತಾನೇ ಸುಟ್ಟ ಒಣದ್ರಾಕ್ಷಿಯ ರೊಟ್ಟಿಯೊಂದನ್ನು ಕಾಗದದಲ್ಲಿ ಸುತ್ತಿ, ‘ಇದು ಎಥ್ನಾಳ ಮಗೂಗೆ, ನೀವು ತಿನ್ನಬೇಡಿ’ ಎಂದು ನನ್ನ ಕೈಗಿತ್ತಳು.

ಕಾರಿನಲ್ಲಿ ಮಲ್‌ರಾನಿ ದಾಟಿದ ಮೇಲೆ ನಾನು ಬಾಯಿ ಬಿಟ್ಟೆ. ಏನೇನು ಅಂದೆನೋ ಬರೆಯುವುದಿಲ್ಲ. ಅವನು ಗಾಡಿಯನ್ನು ಪಕ್ಕಕ್ಕೆ ಹಾಕಿ, ಸ್ಟೇರಿಂಗ್ ಹಿಡಿದುಕೊಂಡೇ ಹೇಳಿದ: ‘ಮಗು ಆಯ್ತಾ ಅಂತ ಕೇಳಿದ್ಲು. ಆಯ್ತು, ಹೆಣ್ಣು ಅಂದೆ. ಅದು ಸುಳ್ಳಲ್ಲ ಡಿಂಪ್ನಾ. ಮುಂದಿನ ಮಾತು ಹೇಳೋಕೆ ಬಾಯಿ ತೆರೆದೆ, ಅಷ್ಟರಲ್ಲಿ ಅವಳು ನನ್ನ ತಬ್ಬಿಕೊಂಡು ಕುಣೀತಾ ಇದ್ಲು. ಹೇಳೋಕಾಗ್ಲಿಲ್ಲ. ಮುಂದಿನ ವಾರ ಹೇಳೋಣ ಅಂದ್ಕೊಂಡೆ. ಮುಂದಿನ ವಾರ, ಹಾಲು ಕುಡೀತಾಳಾ ಅಂತ ಕೇಳಿದ್ಲು.’

‘ಮೂವತ್ತು ವರ್ಷ!’

‘ಮನೇಲಿ ಅವಳ ಹೆಸರೆತ್ತೋಕೆ ನೀನು ಬಿಡಲಿಲ್ಲ. ನೀನು ಎತ್ತೋಕೆ ನಾನೂ ಬಿಡಲಿಲ್ಲ. ಎಲ್ಲಾದ್ರೂ ಒಂದು ಕಡೆ ಅವಳು ಇರಬೇಕಿತ್ತು.’

ಬಾಗಿಲು ತೆಗೆದು ಇಳಿದು ಮಳೆಯಲ್ಲೇ ನಡೆಯತೊಡಗಿದೆ. ಅವನು ಕಾರನ್ನು ನನ್ನ ಪಕ್ಕದಲ್ಲೇ ಆಮೆಯ ಹಾಗೆ ತೆವಳಿಸುತ್ತಾ, ಕಿಟಕಿ ಇಳಿಸಿ, ‘ಹತ್ತು, ನೆನೀತಿದ್ದೀಯ’ ಎನ್ನುತ್ತಾ ಬಂದ. ಎದುರಿನಿಂದ ಒಂದು ಟ್ರ್ಯಾಕ್ಟರು ಬಂತು. ಅದರವನು ನಿಲ್ಲಿಸಿ, ‘ಏನಮ್ಮಾ, ಈ ಮುದುಕ ತೊಂದರೆ ಕೊಡ್ತಿದ್ದಾನಾ?’ ಎಂದು ಕೇಳಿದ.

‘ನನ್ನ ಗಂಡ’ ಎಂದೆ.

‘ಹಾಗಾದ್ರೆ ಕೊಡ್ತಿದ್ದಾನೆ ಅನ್ನಿ’ ಎಂದು ಟ್ರ್ಯಾಕ್ಟರು ಬಿಟ್ಟುಕೊಂಡು ಹೋದ.

ಅಕ್ಕಾ, ನನಗೆ ನಗು ಬಂದುಬಿಟ್ಟಿತು. ನಗುತ್ತಾ ನಗುತ್ತಾ ಅಳು ಬಂತು. ಕಾರು ಹತ್ತಿದೆ. ಅವನು ತನ್ನ ಮಫ್ಲರಿನಿಂದ ನನ್ನ ಕೂದಲು ಒರೆಸಿದ. ಅಕಿಲ್ ದ್ವೀಪದ ಕೀಲ್ ತನಕ ಹೋಗಿ, ಸಮುದ್ರಕ್ಕೆ ಮುಖ ಮಾಡಿ ಕಾರು ನಿಲ್ಲಿಸಿದೆವು. ಅಲೆ ಕಾಣುತ್ತಿರಲಿಲ್ಲ, ಸದ್ದಷ್ಟೇ. ಆಗ ನಾನು ಕೇಳಿದೆ: ‘ಶಾಲೆಗೆ ಹೋದ ಮೊದಲ ದಿನ ಅತ್ತಳಾ?’

ಅವನು ನನ್ನ ಮುಖವನ್ನೇ ನೋಡಿದ, ನಾನು ಅಣಕಿಸುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವವನ ಹಾಗೆ.

‘ಇಲ್ಲ,’ ಎಂದ. ‘ನಾನು ಅತ್ತೆ. ಅವಳು ಕೈ ಬಿಡಿಸಿಕೊಂಡು ಓಡಿಹೋದಳು.’

ಆಮೇಲೆ ಒಂದೊಂದೇ ಹೇಳಿದ. ಹಾಲಿನ ಕೆನೆ ಕಂಡರೆ ಮುಖ ಸಿಂಡರಿಸುತ್ತಿದ್ದಳಂತೆ. ಚರ್ಚಿನಲ್ಲಿ ಮೊದಲ ಪರಮಪ್ರಸಾದ ತೆಗೆದುಕೊಂಡ ದಿನ ಬಿಳಿ ಬಟ್ಟೆಯಲ್ಲೇ ಹಂದಿಗೂಡಿನ ಗೋಡೆ ಹತ್ತಿದಳಂತೆ. ಪಿಟೀಲು ಕಲಿಯಲು ಹೋಗಿ ಎರಡೇ ತಿಂಗಳಿಗೆ ಬಿಟ್ಟಳಂತೆ. ನರ್ಸಿಂಗ್ ಓದಿದಳಂತೆ. ‘ಏ, ಸಾಧ್ಯವೇ ಇಲ್ಲ’ ಎಂದೆ. ‘ನನ್ನ ಮಗಳು ರಕ್ತ ನೋಡ್ತಾಳಾ? ನಾನು ಕೋಳಿ ಕುಯ್ದರೂ ತಲೆ ತಿರುಗಿ ಬೀಳ್ತೀನಿ.’ ಅವನು ಯೋಚಿಸಿ, ‘ಹೌದಲ್ವಾ? ಹಾಗಾದ್ರೆ ಏನು ಓದಿದ್ಲು?’ ಎಂದು ಕೇಳಿದ. ‘ಟೀಚರ್ ಆದಳು’ ಎಂದೆ. ‘ಸರಿ, ಟೀಚರ್’ ಎಂದು ಒಪ್ಪಿಕೊಂಡ. ಹಳದಿ ಅಂಗಿ ಏನಾಯಿತು ಎಂದು ಕೇಳಿದೆ. ಬಹಳ ದಿನ ವ್ಯಾನಿನ ಸೀಟಿನ ಕೆಳಗೆ ಇಟ್ಟುಕೊಂಡಿದ್ದನಂತೆ. ಕೊನೆಗೆ ಬ್ಯಾಂಗರಿನಲ್ಲಿ ಒಬ್ಬಳು ಬಸುರಿಗೆ ಕೊಟ್ಟನಂತೆ.

ನಾವು ಹುಚ್ಚರು ಅನ್ನಿಸಿದರೆ ಅನ್ನಿಸಲಿ. ಮೂವತ್ತು ವರ್ಷದಲ್ಲಿ ನಾವಿಬ್ಬರೂ ಅಷ್ಟು ಮಾತಾಡಿದ್ದು ಅದೇ ಮೊದಲು.

ಶನಿವಾರ ಕೀಲಿನಿಂದ ವಾಪಸು ಬರುವಾಗ ಮಲ್‌ರಾನಿಯಲ್ಲಿ ಬಲಕ್ಕೆ ತಿರುಗಿದರೆ ಮನೆ. ಅವನು ಎಡಕ್ಕೆ, ಬ್ಯಾಲಿಕ್ರಾಯ್ ಕಡೆಗೆ ತಿರುಗಿಸಿದ. ‘ಮಗೂಗೆ ಅಂತ ಕೊಟ್ಟ ರೊಟ್ಟಿನ ನಾನು ತಿನ್ನಲಾರೆ. ಅವಳಿಗೆ ಹೇಳಲೇಬೇಕು’ ಎಂದ. ನಾನು ಬೇಡ ಅನ್ನಲಿಲ್ಲ.

ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಟೊಪ್ಪಿಗೆ ತೆಗೆದು, ನಿಂತುಕೊಂಡೇ, ಎಲ್ಲ ಹೇಳಿದ. ಮಿಸೆಸ್ ಕ್ಯಾಫರ್ಕಿ ಕೇಳುತ್ತಾ ಕೇಳುತ್ತಾ ಗಲ್ಲಾದ ಮೇಲಿದ್ದ ದಿನಪತ್ರಿಕೆಯನ್ನು ಸುರುಳಿ ಸುತ್ತಿದಳು. ಮಾತು ಮುಗಿದಾಗ ಅದರಿಂದ ಅವನ ತೋಳಿಗೆ ಒಂದು ಬಾರಿಸಿದಳು. ‘ಅವಳ ಒಂದೊಂದು ಪರೀಕ್ಷೆಗೂ ಮೇಣದಬತ್ತಿ ಹಚ್ಚಿದೀನಲ್ಲೋ, ಪಾಪಿ! ಒಂದೊಂದಕ್ಕೂ!’ ಇನ್ನೊಂದು ಬಾರಿಸಲು ಕೈಯೆತ್ತಿದವಳು ಹಾಗೇ ಕುಸಿದು ಸ್ಟೂಲಿನ ಮೇಲೆ ಕೂತಳು. ಅಳತೊಡಗಿದಳು. ಸ್ವಂತ ಮೊಮ್ಮಗಳು ಅವತ್ತು ಬೆಳಿಗ್ಗೆ ತೀರಿಕೊಂಡ ಹಾಗೆ ಅಳು. ‘ನನ್ನ ಕಂದ, ನನ್ನ ಎಥ್ನಾ’ ಎನ್ನುತ್ತಿದ್ದಳು. ನಮ್ಮ ಮಗುವಿಗಾಗಿ ಹಾಗೆ ದನಿಯೆತ್ತಿ ಅತ್ತವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಆಮೇಲೆ ಎದ್ದಳು. ಬಾಗಿಲಿನ ಹಲಗೆಯನ್ನು ‘ಮುಚ್ಚಿದೆ’ ಎಂದು ತಿರುಗಿಸಿದಳು, ಪರದೆ ಎಳೆದಳು. ಸಾವಿನ ಮನೆಗೆ ಬಂದವರ ಹಾಗೆ ಮೊದಲು ನನ್ನ ಕೈ, ಆಮೇಲೆ ಅವನ ಕೈ ಹಿಡಿದು, ‘ನಿಮಗೆ ಬಂದ ಕಷ್ಟಕ್ಕೆ ನನಗೆ ಬಹಳ ದುಃಖವಾಗಿದೆ’ ಎಂದಳು. ಎಂಬತ್ನಾಲ್ಕರಲ್ಲಿ ಆ ಮಾತನ್ನು ಯಾರೂ ಅಂದಿರಲಿಲ್ಲ ಅಕ್ಕಾ. ಹೆಣವೇ ಇರದ ಮನೆಗೆ ಯಾರು ಕೈ ಹಿಡಿಯಲು ಬರುತ್ತಾರೆ? ಆ ಅಂಗಡಿಯಲ್ಲಿ, ಸೋಪಿನ ಪೊಟ್ಟಣ, ಬೂಟಿನ ಲೇಸುಗಳ ನಡುವೆ ನಾವು ಮೂವರೂ ಕೂತು ಚಹಾ ಕುಡಿದೆವು, ಜಪಮಾಲೆ ಹೇಳಿದೆವು, ಆ ರೊಟ್ಟಿಯನ್ನು ಕುಯ್ದು ತಿಂದೆವು. ‘ಅವಳು ಹಂದಿಗೂಡು ಹತ್ತಿದ ಕಥೆ ಹೇಳೋ’ ಎಂದಳು ಮುದುಕಿ. ಅವನು ಹೇಳಿದ. ನಾವು ನಕ್ಕೆವು.

ಹೊರಗೆ ಬಂದು ಜಾರ್ಲತ್ ಕಾರಿನ ಕೀ ನನ್ನ ಕೈಯಲ್ಲಿಟ್ಟ. ‘ಸಾಕು, ಇನ್ನು ನೀನೇ ಓಡಿಸು’ ಎಂದ. ಹನ್ನೆರಡು ವರ್ಷದಿಂದ ನಾನು ಕಾರು ಮುಟ್ಟಿರಲಿಲ್ಲ. ಸ್ವಿನ್ಫರ್ಡ್ ತನಕ ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಲೇ ಬಂದರು. ‘ಹೊಡೀಲಿ ಬಿಡು’ ಎಂದ. ಮುಂದಿನ ತಿಂಗಳು ಆಸ್ಪತ್ರೆಯ ಗೋಡೆಯ ಹತ್ತಿರ ಹೋಗಿ, ಜಾಗ ಯಾವುದೆಂದು ಕೇಳಿ, ಒಂದು ಕಲ್ಲು ನಿಲ್ಲಿಸುವುದು ಎಂದುಕೊಂಡಿದ್ದೇವೆ. ಹೆಸರು ಕೆತ್ತಿಸುತ್ತೇವೆ.

ಗೇಟಿನ ಸದ್ದಾಯಿತು, ಬಂದ ಅಂತ ಕಾಣುತ್ತದೆ. ನಿನ್ನ ಮಂಡಿಗೆ ದೇವರು ಕರುಣೆ ತೋರಲಿ, ಚಳಿಗಾಲ ನಿನ್ನ ಮೇಲೆ ಹಗುರವಾಗಿ ಸಾಗಲಿ, ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೋ. ನಿನ್ನ ಮನೆಯವರಿಗೆಲ್ಲ ನಮ್ಮಿಬ್ಬರ ಪ್ರೀತಿ, ಹಾರೈಕೆ.

ನಿನ್ನ ತಂಗಿ,
ಡಿಂಪ್ನಾ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಒಂದು ವಿಷಯ ಬರೆಯದೆ ಬಿಟ್ಟಿದ್ದೆ. ಶನಿವಾರ ನಾನು ಕಾರು ಓಡಿಸುತ್ತಿದ್ದಾಗ ಜಾರ್ಲತ್ ಕೇಳಿದ: ‘ಅವಳ ಕೂದಲು ಯಾವ ಬಣ್ಣ ಇತ್ತು? ಆಸ್ಪತ್ರೆಯವರು ನನ್ನನ್ನ ಒಳಗೆ ಬಿಡಲಿಲ್ಲ. ಆ ಅಂಗಡಿಯಲ್ಲಿ ಅದೊಂದನ್ನ ಮಾತ್ರ ನಾನು ಹೇಳಿಲ್ಲ. ನೀನು ನೋಡಿದ್ದೀಯಲ್ಲ, ನಿನ್ನನ್ನೇ ಕೇಳಬೇಕು ಅಂತಿದ್ದೆ.’ ನಾನು ರಸ್ತೆಯಿಂದ ಕಣ್ಣು ತೆಗೆಯದೆ ‘ಕಪ್ಪು’ ಎಂದೆ. ಅವನು ಕಣ್ಣೊರೆಸಿಕೊಂಡ. ಅಕ್ಕಾ, ನಾನು ನೋಡಲಿಲ್ಲ. ನರ್ಸು ಅವಳನ್ನು ತಂದಾಗ ನಾನು ಗೋಡೆಯ ಕಡೆ ಹೊರಳಿ ಮಲಗಿದೆ, ತಗೊಂಡು ಹೋಗಿ ಎಂದೆ. ಆಗ ನೀನು ಅವಳನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ನಿಂತದ್ದು ನನಗೆ ಗೊತ್ತು. ನಿನ್ನ ಹೆಜ್ಜೆಯ ಸದ್ದು ಕೇಳಿಸಿತ್ತು. ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಬೇಗ ಬರೆ. ಕಪ್ಪಲ್ಲದಿದ್ದರೂ ಬರೆ.