ಕಾಂಪೌಂಡಿನಾಚೆಯ ಮನೆ, ಒಳಗಿನ ಹಾಸಿಗೆ

ಮಾನ್ಯರೇ,

ವಿದ್ಯಾರ್ಥಿ ನೆರವು ವಿಭಾಗದ ಮುಖ್ಯಸ್ಥರಾದ ಫಾದರ್ ಅವರೇ, ನನ್ನ ಮನೆ ನಿಮ್ಮ ವಿಶ್ವವಿದ್ಯಾಲಯಕ್ಕೆ ತೀರಾ ಹತ್ತಿರವಿದೆ. ನಾನು ಮಾಡಿರುವ ಅಪರಾಧ ಇಷ್ಟೇ. ಶಿಕ್ಷೆ ಮಾತ್ರ ನನ್ನ ಮಗಳಿಗೆ: ಹಾಸ್ಟೆಲಿನ ಎರಡನೆಯ ಕಂತು ಕಟ್ಟದಿದ್ದರೆ ಬರುವ ಶುಕ್ರವಾರ ಅವಳ ಓದು ನಿಲ್ಲುತ್ತದೆ. ನಿಮಗೆ ಕೊಟ್ಟ ಅರ್ಜಿಗೆ ಉತ್ತರ ಬರಲಿಲ್ಲ. ಅದಕ್ಕೇ ನಾಲ್ಕು ಜನ ಓದಲೆಂದು ಈ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಬೋಧನಾ ಶುಲ್ಕ ಮಾಫಿ ಮಾಡಿದಿರಿ. ಆಗಲೂ ಕೈಮುಗಿದೆ, ಈಗಲೂ ಮುಗಿಯುತ್ತೇನೆ. ಆದರೆ ಹಾಸ್ಟೆಲಿಗೆ ನೆರವಿಲ್ಲ, ಏಕೆಂದರೆ ನಮ್ಮ ಮನೆ ಕಾಂಪೌಂಡಿನ ಆಚೆಗೇ ಇದೆ. ಸರಿ, ಹಾಗಾದರೆ ಮನೆಯಿಂದಲೇ ಬರಲಿ ಎಂದು ಪಕ್ಕದ ಕೊಠಡಿಯ ವಾರ್ಡನ್ ಸಿಸ್ಟರ್ ಬಳಿ ಹೋದರೆ, ಮೊದಲ ವರ್ಷದವರೆಲ್ಲ ಒಳಗೇ ಇರಬೇಕಂತೆ, 'ಸಹಜೀವನ' ಕಲಿಯುವುದಕ್ಕೆ. ಅದೇ ಮನೆ ನಿಮ್ಮ ಮೇಜಿಗೆ ಹತ್ತಿರ, ಅವರ ಮೇಜಿಗೆ ಲೆಕ್ಕಕ್ಕೇ ಇಲ್ಲ! ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಗಾದೆ ಕಟ್ಟಿದವರು ನಿಮ್ಮ ಕಾರಿಡಾರಿನಲ್ಲಿ ಓಡಾಡಿರಲಿಕ್ಕಿಲ್ಲ. ಓಡಾಡಿದ್ದರೆ ಇನ್ನೂ ಖಾರವಾಗಿ ಕಟ್ಟುತ್ತಿದ್ದರು. ಪ್ರವೇಶದ ದಿನ, "ನಮ್ಮದು ಕ್ಯಾಥೊಲಿಕ್ ಸಂಸ್ಥೆ, ಬಡವರೇ ನಮ್ಮ ಮೊದಲ ಅತಿಥಿಗಳು" ಎಂದು ಭಾಷಣ ಮಾಡಿದಿರಲ್ಲ, ಅತಿಥಿಗಳ ಕೈಗೆ ಯಾರಾದರೂ ಬಿಲ್ ಕೊಡುತ್ತಾರೆಯೇ?

ಇನ್ನೊಂದು ಮಾತು. ಆ ಹಾಸ್ಟೆಲಿನ ಮೆಸ್ಸಿನಲ್ಲಿ ಬೇಯಿಸಿ ಬಡಿಸುವವಳು ನಾನೇ. ನಾನು ಬೇಯಿಸಿದ್ದನ್ನು ನನ್ನ ಮಗಳು ತಿನ್ನಲು ನಾನೇ ದುಡ್ಡು ತೆರಬೇಕು. ಮೊನ್ನೆ ಮೇಲ್ವಿಚಾರಕರು ಎಲ್ಲರೆದುರು, "ಏನಮ್ಮಾ, ಮಗಳ ತಟ್ಟೆ ಬಂದ್ರೆ ನಿನ್ ಕೈ ಭಾರೀ ಧಾರಾಳ ಆಗತ್ತಲ್ಲ?" ಎಂದರು. ಸಾಲಿನಲ್ಲಿದ್ದ ಹುಡುಗಿಯರು ನಕ್ಕರು. ಮಗಳು ತಟ್ಟೆ ಹಿಂದಕ್ಕೆಳೆದುಕೊಂಡಳು. ಅಂದಿನಿಂದ ಅವಳಿಗೆ ಎಲ್ಲರಿಗಿಂತ ಕಡಿಮೆ ಬಡಿಸುತ್ತಿದ್ದೇನೆ. ಇದು ಯಾವ ಸೀಮೆಯ ಸಹಜೀವನ, ಫಾದರ್?

ಅವಳನ್ನು ಮನೆಗೆ ಕಳಿಸಿಬಿಡಿ ಎಂದು ಕೇಳುವುದಕ್ಕೇ ಈ ಪತ್ರ ಬರೆಯಲು ಕೂತಿದ್ದು. ಬರೆದಷ್ಟನ್ನು, ಮನೆಗೆ ಬಂದಿದ್ದ ಮಗಳಿಗೆ ಓದಿ ಹೇಳಿದೆ. ಅವಳು ಉಗುರು ಕಚ್ಚುತ್ತಾ ಕೂತಳು.

"ಅಮ್ಮಾ, ಬೈಬೇಡ. ನಂಗೆ ಅಲ್ಲೇ ಇರ್ಬೇಕು."

"ಯಾಕೆ, ಮನೆ ಬೇಡ್ವಾ?"

"ಬೇಡ ಅಂತಲ್ಲ. ಅಲ್ಲಿ ನಂದೂ ಅಂತ ಒಂದು ಮೇಜಿದೆ. ರೂಮಿನವಳು ನನ್ ಹತ್ರ ಪಾಠ ಹೇಳಿಸ್ಕೊಳ್ತಾಳೆ, ಜಗಳಾನೂ ಆಡ್ತಾಳೆ. ಅವಳ ಜೊತೆ ಓದಿದ್ರೆ ತಲೆಗೆ ಹತ್ತತ್ತೆ."

ಸಿಟ್ಟು ಬಂತು. ಸುಳ್ಳೇಕೆ, ಆ ರೂಮಿನವಳ ಮೇಲೆ ಹೊಟ್ಟೆಕಿಚ್ಚೂ ಬಂತು. ಆದರೆ ನಮ್ಮದು ಒಂದೇ ಕೋಣೆಯ ಮನೆ. ಮೇಜು ಹಾಕಿದರೆ ಅವಳ ಅಪ್ಪ ಕಾಲು ಚಾಚುವಂತಿಲ್ಲ. ಮಗಳು ಹೇಳಿದ್ದರಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ಹಾಗಾಗಿ ಬೇಡಿಕೆ ಬದಲಾಯಿಸಿದ್ದೇನೆ. ಒಳಗಿರುವುದನ್ನು ಕಡ್ಡಾಯ ಮಾಡಿದವರೇ ಅದರ ಭಾರವನ್ನೂ ಹೊರಬೇಕು. ನೆರವು ಪಡೆದು ಓದುವ ಮಕ್ಕಳಿಗೆಲ್ಲ, ಮನೆ ಎಲ್ಲೇ ಇರಲಿ, ಹಾಸಿಗೆಗೂ ಊಟಕ್ಕೂ ನೆರವು ಕೊಡಿ. ಶುಕ್ರವಾರದೊಳಗೆ ಕೊಡಿ. ನನ್ನ ಮಗಳನ್ನು ನನ್ನ ಬಳಿಗೆ ಕಳಿಸಬೇಡಿ.

ಇಂತಿ,
ಮಗಳು ಮನೆಗೆ ಬಾರದಿರಲೆಂದು ಬೇಡುತ್ತಿರುವ ತಾಯಿ