ಅಳಿಯನ ವಾಚು

ಅಪ್ಪಾ,

ಇವತ್ತು ಗಜೇಂದ್ರಗಡದಲ್ಲಿ ನಿನ್ನ ಅಳಿಯನಿಗೆ ವಾಚು ತೆಗೆದುಕೊಂಡೆ! ಪುಟ್ಟಿ ಹುಟ್ಟಿದಾಗಿನಿಂದ ನನಗೆ ನಿದ್ದೆಯಿಲ್ಲ. ಇವತ್ತು ಮಾತ್ರ ಖುಷಿಗೆ ನಿದ್ದೆ ಬರುತ್ತಿಲ್ಲ.

ಅಂಗಡಿಯ ಖಾದರಸಾಬರು ಮೊದಲು ದೊಡ್ಡ ದೊಡ್ಡವನ್ನೇ ಹರವಿದರು. ನೀನಿದ್ದಿದ್ದರೆ 'ಗ್ವಾಡಿ ಗಡಿಯಾರ ಕೈಗೆ ಕಟ್ಟಿದಂಗಾತು' ಅನ್ನುತ್ತಿದ್ದೆ. 'ಅಂಗಿ ತೋಳಿನೊಳಗ ಅಡಗುವಂಥಾದ್ದು ಕೊಡ್ರಿ' ಅಂದೆ. ಬಿಳಿ ಮುಖ, ಕರಿ ಚರ್ಮದ ಪಟ್ಟಿ, ತೆಳ್ಳಗಿನ ಆಟೋಮ್ಯಾಟಿಕ್. ನನ್ನ ಟ್ಯೂಷನ್ ದುಡ್ಡಿಗೂ ಹೊಂದಿತು.

'ಕೀಲಿ ಬ್ಯಾಡ, ಸೆಲ್ ಬ್ಯಾಡ ತಂಗಿ. ಕೈ ಆಡತಿದ್ರ ತಾನ ಓಡತೈತಿ.'

'ಕೈ ಆಡದಿದ್ರ ನಿಂತಬಿಡತೈತೇನ್ರಿ?' ನನಗೆ ಆಗಲೇ ಗಾಬರಿ.

'ಮನ್ಯಾಗ ಕೂಸೈತಿಲ್ಲ? ತೊಟ್ಟಿಲಾ ತೂಗಾಕ ಹಚ್ಚು!' ಎಂದು ನಕ್ಕರು.

ಮದುವೆಯಲ್ಲಿ ಅಳಿಯನ ಕೈಗೆ ಮಾವ ವಾಚು ಕಟ್ಟುವುದು ನಮ್ಮಲ್ಲಿ ಪದ್ಧತಿ. ನಮ್ಮ ಮದುವೆಗೆ ನೀನು ಬರಲಿಲ್ಲ. ಆಮೇಲೆ ಬರಲು ನೀನೇ ಉಳಿಯಲಿಲ್ಲ. ಇವರು ಇಷ್ಟು ದಿನ ಬರಿಗೈಯಲ್ಲೇ ಇದ್ದರು. ಕೇಳಿದರೆ, 'ಮೊಬೈಲಿನ್ಯಾಗ ಟೈಮ್ ಕಾಣತೈತಲ್ಲ' ಅನ್ನುತ್ತಿದ್ದರು.

ಸಂಜೆ ನಾನೇ ಕಟ್ಟಿದೆ. ಪುಟ್ಟಿಯನ್ನು ಎತ್ತಿಕೊಂಡು ಓಣಿಗೆ ಹೋದರು. ಎದುರುಮನೆಯ ಕಲ್ಲವ್ವ, 'ಹೊಸಾ ವಾಚೇನ್ರಿ ಮಾಸ್ತರ?' ಅಂದದ್ದು ಒಳಗೆ ಕೇಳಿಸಿತು.

'ಹೌದ್ರಿ ಯವ್ವಾ. ನಮ್ಮ ಮಾವಾರು ಕೊಟ್ಟಾರ.'