ಥರ್ಲೋಗೆ ಕೊಡದ ಬಂದೂಕು

ಏಪ್ರಿಲ್ 24, ಗುರುವಾರ

ಗೆದ್ದೆ! ಬರೆಯದೆ ನಿದ್ದೆ ಬರುವುದಿಲ್ಲ.

ಬಂದೂಕು ಕೊಳ್ಳುವವರು ಮೂರು ದಿನ ಕಾಯಬೇಕೆಂಬ ಕಾನೂನನ್ನು ಊರ ಸಭೆಯಲ್ಲಿ ಗಂಟಲು ಹರಿಯುವಂತೆ ಬೈದವನು ನಾನೇ.

ಸೋಮವಾರ ಪಕ್ಕದ ಮನೆಯ ಥರ್ಲೋ ಬಂದ. ಹೆಂಡತಿಯನ್ನು ಮಣ್ಣು ಮಾಡಿ ಎರಡು ವಾರವಷ್ಟೇ ಆಗಿತ್ತು.

"ಅಂಗಡೀಲಿ ಮೂರು ದಿನ ಕಾಯ್ಬೇಕಂತೆ ಕಣೋ. ನಿನ್ನ ಬಂದೂಕು ಕೊಡು, ಜಿಂಕೆ ಹೊಡೀಬೇಕು."

ನಮ್ಮ ಮೇನ್ ರಾಜ್ಯದಲ್ಲಿ ಜಿಂಕೆ ಬೇಟೆ ನವೆಂಬರಿನಲ್ಲಿ. ಏಪ್ರಿಲ್‌ನಲ್ಲಿ ಯಾವ ಜಿಂಕೆ? ಗುಂಡು ಯಾರಿಗೆಂದು ಹೊಳೆಯಿತು.

"ನನ್ನ ಹತ್ರಾನೂ ಅದೇ ಕಾನೂನು. ಮೂರು ದಿನ ಕಾಯಿ," ಎಂದೆ. ಮೂರು ದಿನವೂ ಅವನ ಮನೆಯಲ್ಲೇ ಉಂಡು ಮಲಗಿದೆ.

ಇವತ್ತು ಅವನೇ ಕೇಳಿದ: "ಹೊಳೇಲಿ ಮಂಜುಗಡ್ಡೆ ಕರಗಿದೆ. ನಿನ್ನ ಗಾಳ ಕೊಡ್ತೀಯಾ?"

"ಈಗ್ಲೇ ತಗೊಂಡು ಹೋಗೋ, ಮುದಿಯಾ!"

ಸರ್ಕಾರ ಮಾಡಿದ್ದು ಸರಿಯೆಂದು ಈ ಪುಸ್ತಕದ ಹೊರಗೆ ಸತ್ತರೂ ಒಪ್ಪುವುದಿಲ್ಲ. ನಸುಕಿಗೇ ಎದ್ದು ಎರೆಹುಳು ಅಗೆಯಬೇಕು. ಥರ್ಲೋ ಕಾಯುತ್ತಿರುತ್ತಾನೆ.